ಮೆಲ್ಕಿಯಾದೆಸನ ನೆಲ ಡೊಂಕಿರಲಿಲ್ಲ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಗಂಡ ಮೆಲ್ಕಿಯಾದೆಸ್ ಬದುಕಿಡೀ ಆ ನೆಲವಾಗಿಯೇ ಕಳೆದ. ಇದನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಸಮಾಧಾನದಿಂದ ಹೇಳು ಅನ್ನುವವರು ನಾಲ್ಕು ಭಾನುವಾರ ನನ್ನ ಜಾಗದಲ್ಲಿ, ರೇಸ್ ಬಯಲಿನ ಬೇಲಿ ಪಕ್ಕ ಬಾಣಲೆ ಮುಂದೆ ನಿಂತು ಅಲ್ಕಪುರಿಯಾ ಎಂಬ ನಮ್ಮ ಹೂರಣದ ವಡೆ ಕರಿಯಲಿ, ಅಲ್ಲಿ ನಿಂತವರ ಮಾತು ಕಿವಿಯಾರೆ ಕೇಳಲಿ. ಆಮೇಲೆ ಸಮಾಧಾನದ ಮಾತಾಡೋಣ.

ನಮ್ಮದು ಪೋರ್ಟೊ ರಿಕೊದ ದಕ್ಷಿಣ ಕರಾವಳಿ. ಮೆಲ್ಕಿ ಹುಟ್ಟಿದಾಗ ಇಲ್ಲೆಲ್ಲ ಕಬ್ಬು. ಅವನಪ್ಪ ಕಬ್ಬು ಕಡಿದ, ಮೀಸೆ ಮೂಡುವ ಮೊದಲೇ ಇವನೂ ಕಡಿದ. ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ದೋನ್ ಇಪೋಲಿತೊ ಎಂಬ ಸಾಹುಕಾರ ಆ ಗದ್ದೆಗಳನ್ನು ಕೊಂಡು, ನಡುವೆ ನೇರವಾಗಿ ಒಂದು ಡಾಂಬರು ಪಟ್ಟಿ ಎಳೆಸಿದ. ಎರಡು ಕಾರು ಪಕ್ಕಪಕ್ಕ ನಿಲ್ಲುತ್ತವೆ, ಹಸಿರು ದೀಪ ಹತ್ತುತ್ತದೆ, ಆ ತುದಿಯನ್ನು ಮೊದಲು ಮುಟ್ಟಿದವನು ಗೆದ್ದ. ಇಷ್ಟೇ ಆಟ. ಇಷ್ಟಕ್ಕೇ ನಮ್ಮ ಗಂಡಸರು ಹೆಂಡತಿ ಮಕ್ಕಳನ್ನು ಮರೆಯುತ್ತಾರೆ. ಬಯಲು ಶುರುವಾದ ದಿನದಿಂದ, ಹೊರಡುವ ಗೆರೆಯ ಹತ್ತಿರದ ನೆಲವನ್ನು ಹದಕ್ಕೆ ತರುವ ಕೆಲಸ ಮೆಲ್ಕಿಯ ಪಾಲಿಗೆ ಬಂತು.

ಹದ ಎಂದರೆ ಸುಮ್ಮನೆ ಗುಡಿಸುವುದಲ್ಲ. ಹಳೆಯ ರಬ್ಬರನ್ನು ಕೆರೆದು ತೆಗೆಯಬೇಕು, ಟಯರು ನೆಲ ಕಚ್ಚಲೆಂದು ಅಂಟು ಸಿಂಪಡಿಸಬೇಕು, ಟ್ರ್ಯಾಕ್ಟರಿಗೆ ಸವೆದ ಟಯರು ಕಟ್ಟಿ ಅದರ ಮೇಲೆ ಎಳೆದೆಳೆದು ಹೊಸ ರಬ್ಬರ್ ಹತ್ತಿಸಬೇಕು, ಒಣಗಲು ಬಿಡಬೇಕು. ಕೊನೆಗೆ ಮೆಲ್ಕಿ ತನ್ನ ಸವಕಲು ಚಪ್ಪಲಿ ಹಾಕಿಕೊಂಡು ಗೆರೆಯ ಮೇಲೆ ನಡೆಯುತ್ತಿದ್ದ. ಹೆಜ್ಜೆ ಮುಂದೆ ಹೋಗಿ ಚಪ್ಪಲಿ ಹಿಂದೆಯೇ ಉಳಿದರೆ ನೆಲ ಹದವಾಯಿತು ಎಂದರ್ಥ. ಬರಿಗಾಲಲ್ಲಿ ನಿಂತು ತಲೆಯಾಡಿಸುತ್ತಿದ್ದ. ಜನ ನಗುತ್ತಿದ್ದರು. ನಗಲಿ ಬಿಡಿ, ಹಲ್ಲಿದೆ ಅವರಿಗೆ.

ನಮ್ಮ ಕಡೆ ಓಡುವುದು ಹೆಚ್ಚಾಗಿ ಮುಂದಿನ ಚಕ್ರ ಎಳೆಯುವ ಚಿಕ್ಕ ಕಾರುಗಳು. ಅವುಗಳ ಹಣೆಬರಹವೇ ತಿರುಗಾಮುರುಗಾ. ಜೋರಾಗಿ ಹೊರಟಾಗ ಕಾರಿನ ಭಾರವೆಲ್ಲ ಹಿಂದಕ್ಕೆ ವಾಲುತ್ತದೆ, ಮೂತಿ ಎತ್ತುತ್ತದೆ. ಎಳೆಯಬೇಕಾದ ಚಕ್ರದ ಮೇಲೆಯೇ ಭಾರ ಇಲ್ಲ. ಆಗ ಟಯರು ಜಾರುತ್ತದೆ, ಹಿಡಿಯುತ್ತದೆ, ಮತ್ತೆ ಜಾರುತ್ತದೆ. ಮೂತಿಯೆಲ್ಲ ದಡದಡ ಎಂದು ಕುಪ್ಪಳಿಸುತ್ತದೆ. ಅದರ ಮೇಲೂ ಕಾಲೆತ್ತದೆ ಒತ್ತಿದರೆ ಆಕ್ಸಲ್ ಲಟಕ್ಕೆಂದು ಮುರಿಯುತ್ತದೆ. ಇಷ್ಟನ್ನು ನಮ್ಮೂರಿನಲ್ಲಿ ಹಾಲು ಕುಡಿಯುವ ಮಗುವೂ ಹೇಳುತ್ತದೆ. ಆದರೆ ಸೋತವನ ಬಾಯಲ್ಲಿ ಮಾತ್ರ ಬೇರೆ ಪಾಠ. ಸ್ಪ್ರಿಂಗ್ ಮೆತ್ತಗಿತ್ತು ಅನ್ನುವುದಿಲ್ಲ, ಟಯರಿಗೆ ಗಾಳಿ ಜಾಸ್ತಿಯಾಯಿತು ಅನ್ನುವುದಿಲ್ಲ, ಕ್ಲಚ್ಚನ್ನು ಕತ್ತೆಯ ಹಾಗೆ ಒದ್ದೆ ಎಂದಂತೂ ಸತ್ತರೂ ಅನ್ನುವುದಿಲ್ಲ. ಕಾರಿಂದ ಇಳಿಯುತ್ತಲೇ ಹೆಲ್ಮೆಟ್ ತೆಗೆದು ಒಂದೇ ಮಾತು: ಇವತ್ತು ನೆಲ ಸರಿಯಿಲ್ಲ. ಬಾಣಲೆಯ ಮುಂದೆ ನಿಂತು ಇದನ್ನು ಎಷ್ಟು ಸಲ ಕೇಳಿದ್ದೇನೋ. ನನಗೆ ಮೈ ಉರಿಯುತ್ತಿತ್ತು. ಮೆಲ್ಕಿ ಮಾತ್ರ ಮುಂದಿನ ಜೋಡಿಗೆ ಅಂಟು ಹೊಡೆಯುತ್ತಿದ್ದ.

ಇನ್ನು ದೋನ್ಯಾ ಬೆಲೆನ್ ವಿಷಯ ಹೇಳಬೇಕು. ಮೆಲ್ಕಿ ತೊಟ್ಟಿಲಲ್ಲಿರುವಾಗಲೇ ಅವನ ತಾಯಿ ತೀರಿಕೊಂಡಳು. ಇಗರ್ಜಿಯಲ್ಲಿ ಅವನ ತಲೆಗೆ ನೀರು ಹಾಕುವಾಗ ಎತ್ತಿಕೊಂಡಿದ್ದವಳು ಪಕ್ಕದ ಮನೆಯ ಬೆಲೆನ್, ಅವನ ಮದ್ರೀನಾ, ಧರ್ಮತಾಯಿ. ಸಾಕಿದವಳೂ ಅವಳೇ. ಅವಳಿಗೆ ಬಹಳ ಹರಕೆ ಹೊತ್ತ ಮೇಲೆ ತಡವಾಗಿ ಒಬ್ಬ ಮಗ ಹುಟ್ಟಿದ, ಎಲಿಯೆಸೆರ್. ಅವನಿಗೆ ನಡೆಯಲು ಕಲಿಸಿದವನು ಮೆಲ್ಕಿ, ಮೊದಲ ಸೈಕಲ್ ಕಟ್ಟಿಕೊಟ್ಟವನು ಮೆಲ್ಕಿ. ಇವತ್ತಿಗೂ ನನ್ನ ಗಂಡ ಅವಳ ಮುಂದೆ ಹಾದುಹೋದರೆ ಕೈ ಮುಟ್ಟಿ ಆಶೀರ್ವಾದ ಕೇಳದೆ ಮುಂದಕ್ಕೆ ಹೆಜ್ಜೆ ಇಡುವುದಿಲ್ಲ.

ಬೆಲೆನಳ ಗಂಡ ಫೆರ್ಮಿನ್ ಕೂಡ ಓಡಿಸುತ್ತಿದ್ದವನೇ. ಆ ಕಾಲದ ಹಳೇ ಕಾರು, ಹಿಂದಿನ ಚಕ್ರ ತಳ್ಳುವಂಥದ್ದು. ಅವನು ಹೊರಡುವ ಮುಂಚೆ ಅವಳು ಪಾದ್ರಿ ಮಂತ್ರಿಸಿದ ಆಲಿವ್ ಎಣ್ಣೆಯನ್ನು ಹೆಬ್ಬೆರಳಿಗೆ ತಗಲಿಸಿಕೊಂಡು ಮುಂದಿನ ಎರಡೂ ಚಕ್ರಕ್ಕೆ ಶಿಲುಬೆ ಗುರುತು ಹಾಕುತ್ತಿದ್ದಳು. ಎಣ್ಣೆಯ ಶೀಶೆಯಲ್ಲಿ ಘಾಟು ವಾಸನೆಯ ನಾಗದಾಳಿ ಸೊಪ್ಪಿನ ಒಂದು ಕಡ್ಡಿ. ಫೆರ್ಮಿನನಿಗೆ ಒಂದು ತರಚು ಗಾಯವೂ ಆಗಲಿಲ್ಲ; ಮುಪ್ಪಾಗಿ ಹಾಸಿಗೆಯಲ್ಲಿ ನೆಮ್ಮದಿಯಾಗಿ ಸತ್ತ. ಅವನ ನಂತರ ಮಗ ಕಾರು ಹತ್ತಿದಾಗ ತಾಯಿ ಅದೇ ಶೀಶೆ ಹಿಡಿದು ಬಂದಳು. ಅದು ಇಲ್ಲದಿದ್ದರೆ ಅವನನ್ನು ಆ ಸೀಟಿನಲ್ಲಿ ಕೂರಲು ಬಿಡುತ್ತಲೇ ಇರಲಿಲ್ಲ.

ಅದೇ ವರ್ಷ ಎಲಿಯೆಸೆರನ ಕಾರು ಭಾನುವಾರಗಳಲ್ಲಿ ಕುಪ್ಪಳಿಸಲು ಶುರುಮಾಡಿತು. ಅವನು ಮಾಡದ ವೈದ್ಯವಿಲ್ಲ. ಎಂಜಿನ್ ಓಲಾಡದಂತೆ ಮೌಂಟಿಂಗ್ ಗಟ್ಟಿಯದು ಹಾಕಿದ. ಚಕ್ರ ಹಿಡಿದ ಕೆಳಗಿನ ತೋಳು ಹಿಂದೆಮುಂದೆ ಅಲುಗಾಡದಂತೆ ಕಬ್ಬಿಣದ ಸಲಾಕೆ ಕೊಟ್ಟು ಚಾಸಿಗೆ ಬಿಗಿದ. ಮುಂದಿನ ಟಯರಿನ ಗಾಳಿ ಇಳಿಸಿದ. ಬಾಲ ಕುಸಿಯಬಾರದೆಂದು ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕಿ, ಪುಟ್ಟ ಗಾಲಿಗಳ ಉದ್ದನೆಯ ಕಂಬಿಯನ್ನೂ ಕಟ್ಟಿದ. ಗುರುವಾರ ಖಾಲಿ ಬಯಲಿನಲ್ಲಿ ಓಡಿಸಿ ನೋಡಿದರೆ ಕಾರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೊರಡುತ್ತಿತ್ತು. ಭಾನುವಾರ ಮತ್ತೆ ದಡದಡ. ಗುರುವಾರ ಅವನ ತಾಯಿ ಜಪಮಾಲೆಯ ಕೂಟಕ್ಕೆ ಹೋಗುತ್ತಾಳೆ, ಭಾನುವಾರ ಗೆರೆಯ ಹತ್ತಿರ ಇರುತ್ತಾಳೆ. ಇಷ್ಟು ಯಾರ ಬುದ್ಧಿಗೂ ಹೊಳೆಯಲಿಲ್ಲ. ಹೊಳೆದದ್ದು ಬೇರೆ: ಮೆಲ್ಕಿ ಭಾನುವಾರ ಅಂಟಿಗೆ ನೀರು ಬೆರೆಸುತ್ತಾನೆ, ಉಳಿದ ಡಬ್ಬಿಗಳನ್ನು ಬೀದಿ ರೇಸಿನ ಹುಡುಗರಿಗೆ ಮಾರುತ್ತಾನೆ. ಈ ಮಾತನ್ನು ಹುಟ್ಟಿಸಿದವರ ನಾಲಿಗೆಗೆ ಹುಳ ಬೀಳಲಿ.

ವರ್ಷದ ದೊಡ್ಡ ಪಂದ್ಯದ ದಿನ ಎಲಿಯೆಸೆರ್ ಫೈನಲ್ ತಲುಪಿದ. ಟಯರನ್ನು ನಿಂತಲ್ಲೇ ಗರಗರ ತಿರುಗಿಸಿ ಬಿಸಿ ಮಾಡಿ ಗೆರೆಗೆ ಬಂದು ನಿಂತ. ಬೆಲೆನಳಿಗೆ ಅವತ್ತು ಫೈನಲಿನ ಭಯವಂತೆ. ಹೆಬ್ಬೆರಳಿನ ಗುರುತು ಸಾಲದೆನ್ನಿಸಿ ಶೀಶೆಯನ್ನೇ ಅಂಗೈಗೆ ಬಗ್ಗಿಸಿ ಎರಡೂ ಚಕ್ರಕ್ಕೆ ಸವರಿದಳು. ಹಸಿರು ದೀಪ ಹತ್ತಿತು. ಕಾರು ಕಟ್ಟು ಬಿಚ್ಚಿದ ಹೋತದ ಹಾಗೆ ಕುಪ್ಪಳಿಸಿತು. ಅವನು ಕಾಲೆತ್ತಲಿಲ್ಲ. ಗೇರ್ ಬದಲಿಸುತ್ತಲೇ ಒಂದು ಕಡೆಯ ಆಕ್ಸಲ್ ಮುರಿಯಿತು, ಇನ್ನೊಂದು ಚಕ್ರ ಕಾರನ್ನು ಎಳೆದುಕೊಂಡು ಹೋಗಿ ಗೋಡೆಗೆ ಅಪ್ಪಳಿಸಿತು. ಜೀವಕ್ಕೇನೂ ಆಗಲಿಲ್ಲ. ಬಲಗೈ ಮೊಣಕೈ ಹತ್ತಿರ ಮುರಿಯಿತು.

ಜನ ಗೋಡೆಯ ಕಡೆ ಓಡಿದಾಗ ಮೆಲ್ಕಿ ಗೆರೆಯ ಹತ್ತಿರ ಮಂಡಿಯೂರಿ ಏನನ್ನೋ ಒರೆಸುತ್ತಿದ್ದುದನ್ನು ನಾನು ನೋಡಿದೆ. ಮಾರನೆಯ ದಿನ ದೋನ್ ಇಪೋಲಿತೊ ಮನೆಗೇ ಬಂದು, ಕುರ್ಚಿಯಲ್ಲೂ ಕೂರದೆ, ಗೇಟಿನ ಬೀಗದಕೈ ಇಸಿದುಕೊಂಡ. ಅಂಟು ಕದ್ದು ಒಬ್ಬನ ಕೈ ಮುರಿಸಿದವನಿಗೆ ತನ್ನ ಬಯಲಿನಲ್ಲಿ ಜಾಗವಿಲ್ಲ ಎಂದ. ಓಣಿಯ ಜನವೆಲ್ಲ ತಂತಮ್ಮ ವರಾಂಡದಲ್ಲಿ ನಿಂತು ಕೇಳಿಸಿಕೊಂಡರು. ನನ್ನ ಗಂಡ ಬೀಗದಕೈ ಕೊಟ್ಟ, ಸಾಹುಕಾರನಿಗೆ ಕಾಫಿ ಕುಡೀತೀರಾ ಎಂದು ಬೇರೆ ಕೇಳಿದ.

ಅವನ ಪ್ಯಾಂಟು ಒಗೆಯಲು ತೆಗೆದಾಗ ಜೇಬಿನಲ್ಲಿ ಒಂದು ಒರೆಸುವ ಬಟ್ಟೆ ಸಿಕ್ಕಿತು. ಮೂಗಿಗೆ ಹಿಡಿದೆ. ಆಲಿವ್ ಎಣ್ಣೆ, ನಾಗದಾಳಿ ಸೊಪ್ಪು. ನಮ್ಮ ಓಣಿಯಲ್ಲಿ ಆ ವಾಸನೆ ಇರುವ ಮನೆ ಒಂದೇ. ನನಗೆ ಎಲ್ಲ ಅರ್ಥವಾಯಿತು. ಬಟ್ಟೆಯನ್ನು ಅವನ ಮುಖದ ಮುಂದೆ ಹಿಡಿದೆ.

"ಮೊದ್ಲಿಂದಾನೂ ಗೊತ್ತಿತ್ತಾ ನಿಂಗೆ?"

"ಹೆಬ್ಬೆಟ್ಟು ಹಾಕೋದು ನೋಡಿದ್ದೆ. ಎಲಿಯೆಸೆರನಿಗೆ ಒಂದ್ಸಲ ಹೇಳ್ದೆ, ಅಮ್ಮನ್ನ ಚಕ್ರದ ಹತ್ರ ಬಿಡಬೇಡ ಅಂತ. ನಕ್ಕುಬಿಟ್ಟ. ಇಷ್ಟು ಸುರೀತಾಳೆ ಅಂತ ಅಂದ್ಕೊಂಡಿರ್ಲಿಲ್ಲ."

"ಮತ್ತೆ ಸಾಹುಕಾರನ ಮುಂದೆ ಬಾಯಿಗೆ ಏನು ತುಂಬ್ಕೊಂಡಿದ್ದೆ?"

"ಎಂಬತ್ತರ ಮುದುಕಿ ಕಣೇ ಸೆನೈದಾ. ಮಗನ ಕೈ ನೀನೇ ಮುರಿದೆ ಅಂತ ಹೇಗೆ ಹೇಳ್ಲಿ? ಆ ಕೈಯಿಂದ ತುತ್ತು ತಿಂದಿದೀನಿ. ನಾನು ಕದ್ದಿಲ್ಲ ಅಂತ ನಂಗೊತ್ತು, ಸಾಕು."

ಸಾಕಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾರೆ, ಎಮ್ಮೆ ಸಾಕು ಅನ್ನುತ್ತದೆ. ನನ್ನ ಪಿತ್ತ ನೆತ್ತಿಗೇರಿತು. ಅಂಗಡಿಯವನು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದ, ಇಗರ್ಜಿಯಲ್ಲಿ ನಾವು ಕೂತ ಬೆಂಚಿನಲ್ಲಿ ಜಾಗ ಉಳಿಯುತ್ತಿತ್ತು. ಕಳ್ಳನ ಹೆಂಡತಿ ಅನ್ನಿಸಿಕೊಂಡು ನಾನು ಯಾಕೆ ಬದುಕಬೇಕು? ಅವನು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದು ಸೊಂಟ ಬಿಗಿದು ಬೆಲೆನಳ ಮನೆಗೆ ಹೊರಟೆ.

ಬೆಲೆನ್ ಅಡುಗೆಮನೆಯಲ್ಲಿ ಮಗನಿಗಾಗಿ ಕೋಳಿ ಹಾಕಿದ ಅನ್ನದ ಗಂಜಿ ಬೇಯಿಸುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಎಲಿಯೆಸೆರ್ ಪಟ್ಟಿ ಕಟ್ಟಿದ ಕೈ ಎದೆಯ ಮೇಲಿಟ್ಟುಕೊಂಡು ಮಲಗಿದ್ದ, ಬಾಗಿಲು ತೆರೆದಿತ್ತು. ದೇವರ ದಯೆ ನೋಡು, ಅವತ್ತು ಶೀಶೆ ಪೂರ್ತಿ ಸುರಿದಿದ್ದೆ, ಇಲ್ಲದಿದ್ದರೆ ನನ್ನ ಮಗ ಉಳಿಯುತ್ತಿರಲಿಲ್ಲ ಎಂದು ಮುದುಕಿ ತಾನೇ ಮಾತು ತೆಗೆದಳು. ಆ ಕ್ಷಣ ನನ್ನ ನಾಲಿಗೆ ಸ್ವಲ್ಪ ತಡವರಿಸಿದ್ದು ನಿಜ. ಆದರೆ ಬೀಗದಕೈ ಕೊಡುವಾಗಿನ ನನ್ನ ಗಂಡನ ಮುಖ ಕಣ್ಣ ಮುಂದೆ ಬಂತು.

"ದೋನ್ಯಾ ಬೆಲೆನ್, ನಿಮ್ಮೆಜಮಾನರ ಕಾರನ್ನ ಹಿಂದಿನ ಚಕ್ರ ತಳ್ತಿತ್ತು. ಮುಂದಿನದು ಸುಮ್ನೆ ಉರುಳ್ತಿತ್ತು, ಅದಕ್ಕೆ ನೀವು ಎಣ್ಣೆ ಹಚ್ಚಿ, ಜೇನು ಹಚ್ಚಿ, ಏನೂ ಆಗ್ತಿರ್ಲಿಲ್ಲ. ನಿಮ್ಮ ಮಗನ ಕಾರನ್ನ ಮುಂದಿನ ಚಕ್ರವೇ ಎಳೆಯೋದು. ಅದಕ್ಕೇ ಎಣ್ಣೆ ಸುರಿದಿದೀರಿ."

ಸೌಟು ನಿಂತಿತು. ಹೆಂಗಸು ದಡ್ಡಿಯಲ್ಲ, ಓಡಿಸುವವರ ನಡುವೆಯೇ ಮುದುಕಿಯಾದವಳು. ಒಲೆ ಆರಿಸಿ ಸ್ಟೂಲಿನ ಮೇಲೆ ಕೂತು ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. ಮೆಲ್ಕಿಗೆ ಗೊತ್ತಾ ಎಂದು ಕೇಳಿದಳು. ಗೊತ್ತು ಎಂದೆ. ಗೊತ್ತಿದ್ದೂ ಬಾಯಿ ಬಿಡಲಿಲ್ಲವಾ ಎಂದಳು. ಇಲ್ಲ ಎಂದೆ. ಅವಳು ಅತ್ತಳು, ಸದ್ದಿಲ್ಲದೆ. ಕೋಣೆಯ ಒಳಗಿಂದಲೂ ಸದ್ದಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, ಮುಂದಿನ ಭಾನುವಾರ ನನ್ನನ್ನು ಬಯಲಿಗೆ ಕರೆದುಕೊಂಡು ಹೋಗು ಎಂದಳು.

ಭಾನುವಾರ ಅವಳು ಇಗರ್ಜಿಗೆ ಹಾಕುವ ಬಿಳಿ ಬಟ್ಟೆ ಹಾಕಿಕೊಂಡು ಬಂದಳು. ಮೆಲ್ಕಿ ಬರಲೊಲ್ಲೆ ಎಂದ. ಅವನನ್ನು ಹೆಚ್ಚುಕಡಿಮೆ ದಬ್ಬಿಕೊಂಡು ತಂದು ಬೇಲಿಯಾಚೆ ನಿಲ್ಲಿಸಿದೆ. ಪಂದ್ಯ ಶುರುವಾಗುವ ಮೊದಲು ಬೆಲೆನ್ ಮೈಕಿನವನ ಕೈಯಿಂದ ಮೈಕು ಕಿತ್ತುಕೊಂಡಳು.

"ನನ್ನ ಮಗನ ಕೈ ಮುರಿದದ್ದು ಮೆಲ್ಕಿಯ ಅಂಟಲ್ಲ, ನಾನು. ಎಳೆಯೋ ಚಕ್ರಕ್ಕೆ ಶೀಶೆ ಎಣ್ಣೆ ಸವರ್ದೆ. ಎಣ್ಣೆ ಸವರಿದ್ರೆ ಯಾವ ಚಕ್ರ ನೆಲ ಹಿಡಿಯುತ್ತೆ? ಮೆಲ್ಕಿ ಕಳ್ಳ ಅಲ್ಲ. ಅವನ ಕೆಲಸ ಅವನಿಗೆ ಕೊಡಿ."

ನನ್ನ ಎದೆ ತುಂಬಿ ಬಂತು, ಸುಳ್ಳೇಕೆ ಹೇಳಲಿ. ಆಮೇಲೆ ಯಾರೋ ಒಬ್ಬ ಚಪ್ಪಾಳೆ ತಟ್ಟಿದ. ಮತ್ತೊಬ್ಬ ತಟ್ಟಿದ. ಹೆಂಗಸರು ಕಣ್ಣೊರೆಸಿಕೊಂಡರು. ಎಂಥ ತಾಯಿ, ಸಾಕಿದ ಮಗನನ್ನು ಉಳಿಸಲು ತಪ್ಪನ್ನು ತನ್ನ ತಲೆಗೆ ಹಾಕಿಕೊಳ್ಳುತ್ತಿದ್ದಾಳೆ ನೋಡಿ ಎಂದು ನನ್ನ ಪಕ್ಕದಲ್ಲಿದ್ದವಳೇ ಅಂದಳು. ಒಬ್ಬರೂ ನಂಬಲಿಲ್ಲ. ಮಂತ್ರಿಸಿದ ಎಣ್ಣೆಯಿಂದ ಕೇಡಾಯಿತು ಎಂದು ನಂಬುವುದಕ್ಕಿಂತ ಅಂಟಿನವನು ಕಳ್ಳ ಎಂದು ನಂಬುವುದು ಅವರಿಗೆ ಸಲೀಸು. ಹೋಗಲಿ, ಅವರು ಹೊರಗಿನವರು. ಅಷ್ಟರಲ್ಲಿ ಎಲಿಯೆಸೆರ್ ಪಟ್ಟಿ ಕಟ್ಟಿದ ಕೈಯಲ್ಲೇ ಬಂದು ತಾಯಿಗೆ ಭುಜ ತಾಗಿಸಿ ನಿಂತು ಎಡಗೈಯಲ್ಲಿ ಮೈಕು ತೆಗೆದುಕೊಂಡ.

"ನಮ್ಮಮ್ಮ ಹೀಗೇ. ಊರಿನ ಪಾಪ ಎಲ್ಲ ತನ್ನ ತಲೆ ಮೇಲೆ ಹಾಕ್ಕೋತಾಳೆ. ಆ ಎಣ್ಣೆ ಇಲ್ದೆ ಇದ್ದಿದ್ರೆ ನಾನಿವತ್ತು ನಿಮ್ಮ ಮುಂದೆ ನಿಂತಿರ್ತಿರ್ಲಿಲ್ಲ. ನೆಲ ಕೆಟ್ಟಿತ್ತು. ದೇವರು ಕಾಪಾಡ್ದ."

ಬಯಲು ಕಿತ್ತು ಹೋಗುವಷ್ಟು ಚಪ್ಪಾಳೆ. ಮೆಲ್ಕಿಯ ಕೈ ಹಿಡಿದು ನಡೆಯಲು ಕಲಿತವನ ಮಾತು ಇದು. ಇಡೀ ವರ್ಷ ಮೌಂಟಿಂಗ್ ಬದಲಿಸಿ, ಸಲಾಕೆ ಬೆಸೆದು, ಗಾಳಿ ಇಳಿಸಿ ಮೆರೆದವನು, ಅಮ್ಮನ ಹೆಬ್ಬೆರಳ ಮುಂದೆ ಸೋತೆ ಎಂದು ಒಪ್ಪಿದರೆ ನಗೆಪಾಟಲಾಗುತ್ತಿದ್ದ. ಅವನ ಮುಖ ಉಳಿಯಿತು. ನನ್ನ ಗಂಡ ಬೇಲಿಯಿಂದ ಕೈ ತೆಗೆದು, ನಡಿ ಹೋಗೋಣ ಎಂದ. ದಾರಿಯುದ್ದಕ್ಕೂ ಎಲಿಯೆಸೆರನ ವಂಶವನ್ನೆಲ್ಲ ಬೈದೆ. ಪಕ್ಕದಲ್ಲಿ ಬೆಲೆನ್ ಇದ್ದಳು, ಇದ್ದರೂ ಬೈದೆ.

ಮಳೆಗಾಲ ಕಳೆಯಿತು. ಗೆರೆಯ ನೆಲಕ್ಕೆ ಹೊಸಬ ಬಂದ. ಮೆಲ್ಕಿ ಮೀನುಗಾರರ ದೋಣಿಗೆ ಡಾಂಬರು ಬಳಿಯುವ ಕೂಲಿ ಹಿಡಿದ. ನಾನು ಮಾತ್ರ ಬೇಲಿಯ ಪಕ್ಕದ ಬಾಣಲೆ ಬಿಡಲಿಲ್ಲ. ಅವರಿಗೆ ಹೆದರಿ ನಾನೇಕೆ ಓಡಿಹೋಗಲಿ?

ಎಲಿಯೆಸೆರನ ಕೈ ಕೂಡಿಕೊಂಡಿತು, ಕಾರು ಮತ್ತೆ ಗೆರೆಗೆ ಬಂತು. ಟಯರು ಬಿಸಿ ಮಾಡಿ ನಿಂತ. ತಾಯಿ ಶೀಶೆ ಹಿಡಿದು ಸುಮ್ಮನೆ ದೂರದಲ್ಲಿ ನಿಂತಿದ್ದಳು, ಹತ್ತಿರ ಬರಲೋ ಬೇಡವೋ ಎಂದು. ಜನ ನೋಡುತ್ತಿದ್ದಾರಲ್ಲ, ಮಹಾರಾಯ ಇಳಿದು ಬಂದು ತಾಯಿಯ ಮೊಣಕೈ ಹಿಡಿದು ನಗುನಗುತ್ತಾ ಕರೆದುಕೊಂಡು ಹೋದ. ಎಲ್ಲಿಗೆ? ಮುಂದಿನ ಚಕ್ರಗಳನ್ನು ದಾಟಿಸಿ, ಹಿಂದಿನ ಚಕ್ರದ ಹತ್ತಿರ. ಇನ್ನು ಮೇಲೆ ಇಲ್ಲಿ ಹಚ್ಚಮ್ಮ ಎಂದ.

ನನ್ನ ಕೈಯ ಜಾಲರಿ ಸೌಟು ಎಣ್ಣೆಯೊಳಗೇ ಉಳಿಯಿತು. ಗೊತ್ತಿತ್ತು ಅವನಿಗೆ. ತೆರೆದ ಬಾಗಿಲ ಆಚೆ ಮಲಗಿ ಕೇಳಿಸಿಕೊಂಡ ಪ್ರತಿ ಮಾತೂ ಅವನ ತಲೆಗೆ ಇಳಿದಿತ್ತು. ಮೈಕು ಹಿಡಿದು ನೆಲ ಕೆಟ್ಟಿತ್ತು ಎಂದಾಗಲೂ ಗೊತ್ತಿತ್ತು.

ಬೆಲೆನ್ ಬಗ್ಗಲಿಲ್ಲ. ಮಗನ ಮುಖವನ್ನೇ ನೋಡಿದಳು.

"ನನ್ನ ಎಣ್ಣೆಯೇ ನಿನ್ನ ಜೀವ ಉಳಿಸ್ತು ಅಂದೆಯಲ್ಲಪ್ಪ. ಹಾಗಾದ್ರೆ ಮುಂದಿನ ಚಕ್ರಕ್ಕೆ ಯಾಕೆ ಬೇಡ?"

"ಹೊತ್ತಾಯ್ತಮ್ಮ, ಈಚೆ ಬಾ" ಎಂದು ಅವನು ಹೋಗಿ ಸೀಟಿನಲ್ಲಿ ಕೂತ. ಕಾರು ಒಂದಿಷ್ಟೂ ಕುಪ್ಪಳಿಸದೆ, ಗೆರೆ ಎಳೆದಂತೆ ಹೋಯಿತು. ಗೆದ್ದ. ಮೈಕಿನವನು ಹೊಸ ಅಂಟಿನವನ ಹೆಸರು ಕೂಗಿ, ನೆಲ ಅಂದರೆ ಹೀಗಿರಬೇಕು ಎಂದು ಹೊಗಳಿದ. ನಾನು ಬಾಣಲೆಯ ಉರಿ ಆರಿಸಿಬಿಟ್ಟೆ. ಅವತ್ತು ಕರಿದದ್ದನ್ನೆಲ್ಲ ನಾಯಿಗೆ ಹಾಕಿದೆ, ಅಲ್ಲಿ ತಿನ್ನುವ ಒಬ್ಬನಿಗೂ ಕೊಡಲಿಲ್ಲ.

ಸಂಜೆ ಬೆಲೆನ್ ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು ನಮ್ಮ ಮನೆಗೆ ಬಂದಳು. ಮೆಲ್ಕಿ ಏನೂ ಕೇಳದೆ ಮುಂಗೋಣೆಯ ಮಂಚದ ಮೇಲಿದ್ದ ಸಾಮಾನು ತೆಗೆದ. ನಾಲ್ಕು ದಿನ ಬಿಟ್ಟು ಎಲಿಯೆಸೆರ್ ಬಂದ. ನಾವು ಮೂವರೂ ವರಾಂಡದಲ್ಲಿ ತೊಗರಿಕಾಯಿ ಸುಲಿಯುತ್ತಿದ್ದೆವು. ಊರು ಏನನ್ನುತ್ತದೆ, ಮನೆಗೆ ನಡಿ ಅಮ್ಮ ಎಂದ. ಅವಳು ತಲೆಯೆತ್ತಲಿಲ್ಲ.

"ಮೈಕಲ್ಲಿ ಹೇಳಿದ್ಯಲ್ಲ, ಅದೇ ಮೈಕಲ್ಲಿ ನಿಂತು ಮೆಲ್ಕಿ ಕಳ್ಳ ಅಲ್ಲ ಅಂತ ಹೇಳು. ಅವತ್ತು ಬರ್ತೀನಿ."

ಅವನು ಮೆಲ್ಕಿಯ ಕಡೆ ನೋಡಿದ, ಇವನು ಯಾವತ್ತಿನಂತೆ ಅಡ್ಡ ಬಂದು ಸಮಾಧಾನ ಮಾಡುತ್ತಾನೆ ಎಂದು. ನನ್ನ ಗಂಡ ತೊಗರಿ ಸುಲಿಯುತ್ತಲೇ ಇದ್ದ. ಅವನು ಬಾಯಿ ಮುಚ್ಚಿಕೊಂಡಿದ್ದು ನನಗೆ ಹಿಡಿಸಿದ್ದು ಅದೊಂದೇ ಸಲ.

ಕ್ರಿಸ್‌ಮಸ್ ಹೋಯಿತು, ಮೂವರು ಅರಸರ ಹಬ್ಬವೂ ಹೋಯಿತು. ಅವನಿನ್ನೂ ಹೇಳಿಲ್ಲ. ಮುದುಕಿ ಮುಂಗೋಣೆಯಲ್ಲೇ ಮಲಗುತ್ತಾಳೆ, ನನ್ನ ಅನ್ನ ಮುದ್ದೆಯಾಗಿದೆ ಎಂದು ದಿನಾ ದೂರುತ್ತಾಳೆ, ನಾನೂ ಸುಮ್ಮನಿರುವವಳಲ್ಲ. ಮೊಣಕಾಲು ಹಿಡಿದುಕೊಂಡಿದೆ, ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಭಾನುವಾರ ಮಧ್ಯಾಹ್ನ ಗಾಳಿ ಈ ಕಡೆ ಬೀಸಿದರೆ ಬಯಲಿನ ಮೈಕು ನಮ್ಮ ವರಾಂಡಕ್ಕೆ ಕೇಳಿಸುತ್ತದೆಯಂತೆ. ಆಗ ಅವಳು ಕೈಕೆಲಸ ನಿಲ್ಲಿಸಿ, ಮೆಲ್ಕಿಗೂ ನಿಲ್ಲಿಸಲು ಹೇಳಿ, ಕೊನೆಯ ಕಾರು ಹೊರಡುವವರೆಗೂ ಕಿವಿಗೊಟ್ಟು ಕೂತಿರುತ್ತಾಳೆ.